ಪಿನ್‌ಚೂಫ್‌ನಲ್ಲಿ ಕೋಟೆ ಇಲ್ಲ, ಆದರೂ ಹೋಗಿ

ಪೋಲೆಂಡ್‌ನ ಕ್ರಾಕೋವ್‌ಗೆ ಹೋದವರೆಲ್ಲ ವಾವೆಲ್ ಅರಮನೆ, ಉಪ್ಪಿನ ಗಣಿ ನೋಡಿ ವಾಪಸ್ ಹೊರಡುತ್ತಾರೆ. ನಾವು ಬಸ್ ಹತ್ತಿ ಪಿನ್‌ಚೂಫ್‌ಗೆ ಹೋದೆವು. ನೀಡಾ ನದಿ ದಡದ ಸಣ್ಣ ಊರು, ಪ್ರವಾಸಿಗರ ಗದ್ದಲವೇ ಇಲ್ಲ. ನನಗೆ ಬೇಕಿದ್ದದ್ದು ಒಂದು ಕಾಲಕ್ಕೆ ಈ ಊರಿನ ಒಡೆಯರಾಗಿದ್ದ ಓಲೆಶ್ನಿತ್ಸ್ಕಿ ಮನೆತನದ ಜಾಗ.

ಈ ಮನೆತನದ ದೊಡ್ಡ ಹೆಸರು ಝ್ಬಿಗ್ನ್ಯೆವ್. ಟ್ಯೂಟಾನಿಕ್ ನೈಟ್‌ಗಳ ವಿರುದ್ಧ ನಡೆದ 1410ರ ಗ್ರುನ್ವಾಲ್ಡ್ ಯುದ್ಧದಲ್ಲಿ ಇವನು ಪೋಲೆಂಡ್ ರಾಜ ಯಗಿಯೆಲ್ಲೊನ ಕಾರ್ಯದರ್ಶಿ, ಇನ್ನೂ 20ರ ಹುಡುಗ. ಶತ್ರುಪಾಳೆಯದ ಒಬ್ಬ ನೈಟ್ ನೇರವಾಗಿ ರಾಜನ ಮೇಲೆ ಕುದುರೆ ನುಗ್ಗಿಸಿದಾಗ, ಇವನು ಮುರಿದ ಈಟಿಯ ತುಂಡಿನಿಂದಲೇ ಹೊಡೆದು ಅವನನ್ನು ಕೆಡವಿದನಂತೆ. ಇದನ್ನು ಬರೆದಿಟ್ಟ ಇತಿಹಾಸಕಾರ ದ್ಲುಗೋಷ್ ಮುಂದೆ ಇವನ ಬಳಿಯೇ ಕೆಲಸಕ್ಕಿದ್ದವನು, ಹಾಗಾಗಿ ಒಂದು ಚಿಟಿಕೆ ಉಪ್ಪು ಸೇರಿರಬಹುದು ಅಂತ ನನ್ನ ಅನುಮಾನ. ಕತ್ತಿ ಹಿಡಿಯಬಹುದಾಗಿದ್ದವನು ಚರ್ಚ್ ಸೇರಿದ. 1423ರಲ್ಲಿ ಕ್ರಾಕೋವ್‌ನ ಬಿಷಪ್, 1449ರಲ್ಲಿ ಪೋಪ್ ಕೊಟ್ಟ, ಅದಕ್ಕೂ ಮೇಲಿನ ಕಾರ್ಡಿನಲ್ ಪಟ್ಟ. ಹೆಸರಿಗೆ ಬಿಷಪ್, ಆದರೆ ರಾಜರನ್ನೇ ಎದುರು ಹಾಕಿಕೊಳ್ಳುತ್ತಿದ್ದ. 1443ರಲ್ಲಿ ಸೆವ್ಯೆಶ್ ಅನ್ನೋ ಇಡೀ ಸಂಸ್ಥಾನವನ್ನೇ ದುಡ್ಡು ಕೊಟ್ಟು ಕೊಂಡ!

ಪಿನ್‌ಚೂಫ್‌ನಲ್ಲಿ ಅವನು ಕಟ್ಟಿಸಿದ ಕೋಟೆ ಈಗ ಬರೀ ಗುಡ್ಡ. 18ನೇ ಶತಮಾನದ ಕೊನೆಗೆ ಕೆಡವಿಬಿಟ್ಟರು. ಕೆಳಗೆ ಅವನೇ ಪೌಲೈನ್ ಸನ್ಯಾಸಿಗಳಿಗೆ ಕೊಟ್ಟ ಮಠದ ಜಾಗ ಉಳಿದಿದೆ, ಅಲ್ಲೀಗ ಮ್ಯೂಸಿಯಂ. ಊರಿನ ಹಳೆಯ ಕಟ್ಟಡಗಳಿಗೆಲ್ಲ ಇಲ್ಲಿನದೇ ತಿಳಿ ಹಳದಿ ಸುಣ್ಣಕಲ್ಲು. ಗೋಡೆ ಹತ್ತಿರ ಹೋಗಿ ಬೆರಳಾಡಿಸಿದರೆ ಪುಡಿ ಅಂಟುತ್ತದೆ, ಕಣ್ಣಿಟ್ಟು ನೋಡಿದರೆ ಹಳೆಯ ಸಮುದ್ರಜೀವಿಗಳ ಗುರುತೂ ಕಾಣುತ್ತದೆ.

ನಿಜವಾದ ಮಜಾ ಮುಂದಿದೆ. ಕ್ಯಾಥೊಲಿಕ್ ಚರ್ಚ್‌ಗೆ ತಿರುಗಿಬಿದ್ದ ಹುಸ್ಸೈಟ್ ಪಂಥ ಕಂಡರೆ ಉರಿದು ಬೀಳುತ್ತಿದ್ದ ಈ ಕಾರ್ಡಿನಲ್‌ನ ಮನೆತನದಲ್ಲೇ, ಇದೇ ಊರಿನ ಒಡೆಯನಾಗಿ ಮಿಕೊವಾಯ್ ಬಂದ. ಅವನು 1550ರಲ್ಲಿ ಪ್ರಾಟೆಸ್ಟಂಟ್ ಕಡೆಗೆ ವಾಲಿ, ಹಿರಿಯ ಕರೆತಂದ ಸನ್ಯಾಸಿಗಳನ್ನೇ ಓಡಿಸಿಬಿಟ್ಟ. ಚರ್ಚ್ ಕ್ಯಾಲ್ವಿನ್ ಪಂಥದವರಿಗೆ ಹೋಯಿತು, ಶಾಲೆ ಬಂತು. ವಿದ್ವಾಂಸರು ಇಲ್ಲೇ ಕೂತು ಬೈಬಲನ್ನು ಪೋಲಿಷ್‌ಗೆ ತಂದರು. ಅದು 1563ರಲ್ಲಿ ಈಗಿನ ಬೆಲಾರೂಸ್‌ನ ಬ್ರೆಸ್ಟ್‌ನಲ್ಲಿ ಅಚ್ಚಾಯಿತು. ಆ ಕಾರ್ಡಿನಲ್ ಬದುಕಿದ್ದಿದ್ದರೆ ಮತ್ತೆ ಈಟಿ ಹುಡುಕುತ್ತಿದ್ದ, ಅಲ್ವಾ?

ಕೊನೆಗೆ ಊರನ್ನು ಕೊಂಡವನೂ ಕ್ರಾಕೋವ್‌ನ ಒಬ್ಬ ಬಿಷಪ್ಪೇ, ಮಿಶ್ಕೊವ್ಸ್ಕಿ. ಸನ್ಯಾಸಿಗಳು ವಾಪಸ್ ಬಂದರು. ಹೋದರೆ ಗುಡ್ಡದ ಮೇಲಿನ ಸಂತ ಆನಾ ಚಾಪೆಲ್ ಬಿಡಬೇಡಿ. ಅದು ಓಲೆಶ್ನಿತ್ಸ್ಕಿಗಳದ್ದಲ್ಲ, 1600ರದ್ದು. ಆದರೆ ನೀಡಾ ಕಣಿವೆ ಪೂರ್ತಿ ಕಾಣೋದು ಅಲ್ಲಿಂದಲೇ.