ಅಮ್ಮನ ಕೋಣೆಗೆ ಮರದ ನೆಲ

ತುಮಕೂರಲ್ಲಿ ಮನೆಗೆ ಮರದ ನೆಲ ಹಾಕಿಸ್ತೀವಿ ಅಂದರೆ ಜನ ಮೊದಲು ಕೇಳೋದು "ಗೆದ್ದಲು ಹತ್ತಲ್ವಾ?" ಅಂತ. ನ್ಯಾಯವಾದ ಪ್ರಶ್ನೆಯೇ. ಗೋಡೆ ಬುಡದಲ್ಲಿ ಗೆದ್ದಲಿನ ಮಣ್ಣು ಗೆರೆ ಕಂಡರೆ ಮೊದಲು ಅದಕ್ಕೆ ಮದ್ದು ಹೊಡೆಸಬೇಕು, ನೆಲದ ಮಾತು ಆಮೇಲೆ. ನಮ್ಮ ಮನೆಯಲ್ಲಿ ಆ ಕಾಟ ಇರಲಿಲ್ಲ. ಇದ್ದದ್ದು ಅಮ್ಮನ ಮಂಡಿ ನೋವು. ಧನುರ್ಮಾಸದ ಬೆಳಗ್ಗೆ ಎದ್ದು ಟೈಲ್ಸ್ ಮೇಲೆ ಕಾಲಿಟ್ಟರೆ ಮಂಡಿವರೆಗೂ ಕೊರೆಯುತ್ತೆ ಅಂತಾಳೆ. ದೇವರ ಮನೆ ಪಕ್ಕದಲ್ಲೇ ಇರೋದರಿಂದ ಒಳಗೆ ಚಪ್ಪಲಿ ಹಾಕೋದಕ್ಕೂ ಒಪ್ಪಲ್ಲ. ಅದಕ್ಕೇ ಅವಳ ಕೋಣೆಯೊಂದಕ್ಕೆ ಮರ ಹಾಕಿಸೋಣ ಅಂತ ಬಿ.ಎಚ್. ರಸ್ತೆಯ ಅಂಗಡಿಗೆ ಹೋದೆ.

ಅಂಗಡಿಯವರು ಮೂರು ಹಲಗೆ ತಂದು ಮುಂದಿಟ್ಟರು. ಮೂರೂ ತಿಳಿ ಕಂದು, ಮೂರರಲ್ಲೂ ಮರದ ಗೆರೆ. ಮೇಲಿಂದ ನೋಡಿದರೆ ವ್ಯತ್ಯಾಸವೇ ಗೊತ್ತಾಗಲ್ಲ. ತಿರುಗಿಸಿ, ಕೊಯ್ದ ಅಂಚನ್ನು ಬೆಳಕಿಗೆ ಹಿಡಿದಾಗ ಮೂರೂ ಬೇರೆ ಬೇರೆ. ಒಂದು ಲ್ಯಾಮಿನೇಟ್: ಒತ್ತಿದ ಮರದ ಪುಡಿಯ ಹಲಗೆ, ಮೇಲೆ ಮರದ ಚಿತ್ರ ಅಚ್ಚಾದ ಕಾಗದ, ಅದರ ಮೇಲೆ ಗಟ್ಟಿ ಲೇಪ. ಉಳಿದ ಎರಡೂ ಎಂಜಿನಿಯರ್ಡ್ ವುಡ್. ಒಳಗೆ ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿದ ಪ್ಲೈ ಪದರ, ಮೇಲೆ ನಿಜವಾದ ಓಕ್ ಮರದ ಪದರ. ಆದರೆ ಒಂದರಲ್ಲಿ ಆ ಓಕ್ ಬರೀ 0.6 ಮಿಲಿಮೀಟರ್, ಇನ್ನೊಂದರಲ್ಲಿ 3 ಮಿಲಿಮೀಟರ್. ಎರಡನ್ನೂ 14 ಎಂಎಂ ಅಂತಲೇ ಮಾರುತ್ತಾರೆ! ಅದಕ್ಕೇ ಹೇಳೋದು, ಒಟ್ಟು ದಪ್ಪ ಕೇಳಿ ಬರಬೇಡಿ, ಮೇಲಿನ ಮರ ಎಷ್ಟು ಎಂಎಂ ಅಂತ ಕೇಳಿ. ಹತ್ತು ವರ್ಷ ಆದ ಮೇಲೆ ಗೀರು ಬಿದ್ದರೆ 3 ಎಂಎಂ ಇರೋದನ್ನು ಒಂದೆರಡು ಸಲ ಉಜ್ಜಿಸಿ ಮತ್ತೆ ಪಾಲಿಶ್ ಮಾಡಿಸಬಹುದು. 0.6ರಲ್ಲಿ ಉಜ್ಜೋಕೆ ಹೋದರೆ ಒಳಗಿನ ಪ್ಲೈ ಕಾಣುತ್ತೆ, ಅಷ್ಟೇ.

ಹಾಗಾದ್ರೆ ಪೂರ್ತಿ ಗಟ್ಟಿ ಮರವನ್ನೇ ಹಾಕಿಸಬಹುದಲ್ಲ ಅಂತ ತಮ್ಮ ಕೇಳಿದ. ಮಳೆಗಾಲದಲ್ಲಿ ನಮ್ಮ ಮುಂಬಾಗಿಲು ಉಬ್ಬಿ ಚೌಕಟ್ಟಿಗೆ ಹಿಡಿಯುತ್ತೆ, ಬೇಸಿಗೆ ಬಂದರೆ ಸಡಿಲ ಆಗುತ್ತೆ. ನೆಲದಲ್ಲೂ ಅದೇ ಆಗುತ್ತೆ. ಪ್ಲೈ ಪದರಗಳು ಅಡ್ಡಡ್ಡ ಇರೋದರಿಂದ ಒಂದನ್ನೊಂದು ಹಿಡಿದಿಟ್ಟು ಆ ಉಬ್ಬುವಿಕೆ ಕಡಿಮೆ ಮಾಡುತ್ತವೆ. ಕಡಿಮೆ ಅಷ್ಟೇ, ಪೂರ್ತಿ ನಿಲ್ಲಲ್ಲ. ಅದಕ್ಕೇ ಗೋಡೆ ಸುತ್ತ 10 ಎಂಎಂ ಜಾಗ ಬಿಟ್ಟು, ಅದನ್ನು ಗೋಡೆ ಬುಡದ ಪಟ್ಟಿ, ಅಂದರೆ ಸ್ಕರ್ಟಿಂಗ್‌ನಿಂದ ಮುಚ್ಚಬೇಕು.

ಅಮ್ಮ ಕೇಳಿದ್ದು ಒಂದೇ: "ಒರೆಸೋದು ಹೆಂಗಪ್ಪಾ?" ಬಕೆಟ್‌ನಲ್ಲಿ ನೀರು ತಂದು, ಬಟ್ಟೆ ಅದ್ದಿ ಒರೆಸಿದರೇನೇ ಅವಳಿಗೆ ಸಮಾಧಾನ. ನೀರು ಬಿದ್ದರೂ ಏನೂ ಆಗಲ್ಲ ಅಂತ ಅಂಗಡಿಯಲ್ಲಿ ಹೇಳಿದರು. ನಾನು ಆ ಮಾತು ಒಪ್ಪಲ್ಲ. ಬಿದ್ದ ತಕ್ಷಣ ಒರೆಸಿದರೆ ತೊಂದರೆ ಇಲ್ಲ, ಆದರೆ ದಿನಾ ಸಂದಿಯಲ್ಲಿ ನೀರು ಇಳಿದರೆ ಹಲಗೆಯ ಅಂಚು ಎದ್ದು ನಿಲ್ಲುತ್ತೆ. ಇದನ್ನು ಅಮ್ಮನಿಗೆ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೆನ್ನಾಗಿ ಹಿಂಡಿದ ಬಟ್ಟೆ ಆಗುತ್ತಲ್ವಾ, ಸರಿ ಬಿಡು" ಅಂದಳು.

ಕೆಳಗಿನ ಮನೆ ಆದ್ದರಿಂದ ನೆಲದ ತೇವ ನೋಡಬೇಕಿತ್ತು. ಟೈಲ್ಸ್ ಮೇಲೆ, ಸಂದಿಗಳ ಮೇಲೂ ಬರುವ ಹಾಗೆ ಪ್ಲಾಸ್ಟಿಕ್ ಹಾಳೆ ಹರಡಿ ನಾಲ್ಕೂ ಕಡೆ ಟೇಪ್ ಅಂಟಿಸಿ ಬಿಟ್ಟೆವು. ಆಮೇಲೆ ಎತ್ತಿ ನೋಡಿದರೆ ಒಂದು ಹನಿಯೂ ಇರಲಿಲ್ಲ. ಹಲಗೆಯ ಡಬ್ಬಗಳನ್ನು ಎರಡು ದಿನ ಅದೇ ಕೋಣೆಯಲ್ಲಿ ಇರಿಸಿ, ಅಲ್ಲಿನ ಹವೆಗೆ ಹೊಂದಿಕೊಂಡ ಮೇಲೆ ಜೋಡಿಸಿದರು. ಹಳೇ ಟೈಲ್ಸ್ ಒಡೆಯಲಿಲ್ಲ. ಪ್ಲಾಸ್ಟಿಕ್ ಹಾಳೆ, ಫೋಮ್, ಅದರ ಮೇಲೆ ಹಲಗೆ. ಬಾಗಿಲಿನ ತಳ ಮಾತ್ರ ಕೊಯ್ಯಬೇಕಾಯಿತು.

ನಾನು ಹೆಚ್ಚು ತಲೆಕೆಡಿಸಿಕೊಂಡದ್ದು ಬಚ್ಚಲ ಬಾಗಿಲ ಹತ್ತಿರ. ಒದ್ದೆ ಕಾಲಲ್ಲಿ ಬರುವ ಜಾಗ, ಅಲ್ಲಿ ಮರ ಬೇಡ ಅಂತ ಎರಡಡಿ ಟೈಲ್ಸ್ ಹಾಗೇ ಉಳಿಸಿದೆ. ಆದರೆ ಮರದ ನೆಲ ಸುಮಾರು 16 ಎಂಎಂ ಎತ್ತರ ಬರುತ್ತೆ. ರಾತ್ರಿ ಎದ್ದು ಹೋಗುವ ವಯಸ್ಸಾದವರಿಗೆ ಅಷ್ಟೇ ಸಾಕು, ಕಾಲು ಎಡವೋಕೆ. ಮರ, ಟೈಲ್ಸ್ ಸೇರುವ ಅಂಚಿಗೆ ಅಂತ ಅಂಗಡಿಯವರು ಕೊಟ್ಟ ಪಟ್ಟಿಗೆ ಅಗಲ ಕಡಿಮೆ, ಇಳಿಜಾರು ಕಡಿದಾಗಿತ್ತು. ಅದನ್ನು ಬೇಡ ಅಂದು ಕಾರ್ಪೆಂಟರ್ ಕೈಲಿ ಅಗಲವಾದ ಪಟ್ಟಿ ಮಾಡಿಸಿ, ಕಾಲು ಜಾರಿಸಿಕೊಂಡೇ ದಾಟುವ ಹಾಗೆ ನಿಧಾನ ಇಳಿಜಾರು ಕೊಡಿಸಿದೆ. ಅಮ್ಮನನ್ನೇ ಕರೆದು ಕಣ್ಣು ಮುಚ್ಚಿಸಿ ನಡೆಸಿ ನೋಡಿದ ಮೇಲೇ ಅದಕ್ಕೆ ಅಂಟು ಹಾಕಿದ್ದು.

ಈಗ ತಮ್ಮ ಹಾಲ್‌ಗೂ ಹಾಕಿಸೋಣ ಅಂತಿದ್ದಾನೆ. ದುಡ್ಡಿನ ಮಾತು ಬಿಡಿ, ಹಬ್ಬ ಬಂದರೆ ಹಾಲ್‌ನಲ್ಲಿ ನೀರು, ಎಣ್ಣೆ, ಎಳೆದಾಡುವ ಕುರ್ಚಿ, ಹೊರಗಿನ ಮರಳು ಮೆತ್ತಿದ ಕಾಲು ಎಲ್ಲಾ ಇರುತ್ತೆ. ಅಲ್ಲಿಗೆ ಟೈಲ್ಸೇ ಸರಿ ಅಂತ ಹೇಳಿದ್ದೇನೆ.