ಒಲೆಯ ಮುಂದೆ ನಿಲ್ಲಲು ಬೇಸರವೇ? ಹಾಗಿದ್ದರೆ ವೀಗನ್ ಊಟ ಹೀಗೆ ಮಾಡಿ

ವೀಗನ್ ಊಟ, ಅಂದರೆ ಮಾಂಸ, ಮೊಟ್ಟೆ, ಹಾಲು, ಜೇನು ಹೀಗೆ ಪ್ರಾಣಿಗಳಿಂದ ಬಂದದ್ದೇನೂ ಇಲ್ಲದ ಊಟ, ದುಬಾರಿ ಎನ್ನುವವರು ಸಾಮಾನ್ಯವಾಗಿ ಅಂಗಡಿಯ ಒಂದೇ ಕಪಾಟನ್ನು ನೋಡಿರುತ್ತಾರೆ: ಸಸ್ಯಜನ್ಯ ಬರ್ಗರ್, ಗೋಡಂಬಿ ಚೀಸ್, ಬಾದಾಮಿ ಹಾಲು. ಅವು ದುಬಾರಿ ಹೌದು, ಆದರೆ ಅವಿಲ್ಲದೆಯೂ ಊಟ ನಡೆಯುತ್ತದೆ. ಒಣ ಕಾಳು, ಬೇಳೆ, ಅಕ್ಕಿ, ಓಟ್ಸ್, ಆಲೂಗಡ್ಡೆ, ಶೇಂಗಾ, ಸೋಯಾ ಚಂಕ್ಸ್ ಇವೆಲ್ಲ ಅಗ್ಗ, ಯಾರೂ ಲೇಬಲ್ ಅಂಟಿಸದೆಯೇ ವೀಗನ್. ದುಡ್ಡಿನ ಮಾತು ಇಲ್ಲಿಗೇ ಮುಗಿಯಿತು. ಉಳಿದದ್ದು ಅಡುಗೆಯ ಬೇಸರ.

ಬಿಡಿಸಿ ನೋಡಿದರೆ ಆ ಬೇಸರಕ್ಕೆ ಬೇಯಿಸುವುದು ಕಾರಣವಲ್ಲ. ಕಾಳು ತನ್ನಷ್ಟಕ್ಕೆ ತಾನೇ ಬೇಯುತ್ತದೆ. ಸಾಕುಸಾಕೆನಿಸುವುದು ತರಕಾರಿ ಹೆಚ್ಚುವಾಗ, ಸೌಟು ಹಿಡಿದು ಕಾಯುವಾಗ, ಕೊನೆಗೆ ಸಿಂಕ್ ತುಂಬಿದ ಪಾತ್ರೆ ನೋಡಿದಾಗ. ಈ ಮೂರನ್ನು ಕೈಬಿಟ್ಟರೆ ಸಾಕು. ವಾರಕ್ಕೊಮ್ಮೆ ಒಂದು ಕುಕ್ಕರ್ ಕಾಳು ಬೇಯಿಸಿಡಿ, ಒಂದೇ ಒಂದು ಸಾಸ್ ಕಲಸುವುದನ್ನು ಕಲಿಯಿರಿ, ಮಿಕ್ಕ ದಿನಗಳಲ್ಲಿ ತಟ್ಟೆಗೆ ಜೋಡಿಸಿಕೊಂಡು ತಿನ್ನಿ. ಹೊಸ ಹೊಸ ರೆಸಿಪಿ ಹುಡುಕುವುದು ಅಡುಗೆ ಇಷ್ಟಪಡುವವರ ಹವ್ಯಾಸ, ಅದು ನಿಮಗೆ ಬೇಡ.

ಕಾಳಿನಿಂದಲೇ ಶುರು ಮಾಡೋಣ, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ. ಎರಡು ಕಪ್ ಕಾಬೂಲಿ ಕಡಲೆ, ಅಂದರೆ ಸುಮಾರು 400 ಗ್ರಾಂ ತೊಳೆದು, ಮೂರು ಪಟ್ಟು ನೀರು ಮತ್ತು ಒಂದು ಚಮಚ ಉಪ್ಪು ಹಾಕಿ ರಾತ್ರಿಯಿಡೀ ನೆನೆಸಿ. ನೆನೆಸುವ ನೀರಿಗೆ ಉಪ್ಪು ಹಾಕಿದರೆ ಕಾಳು ಗಟ್ಟಿಯಾಗುತ್ತದೆ ಎಂಬ ಮಾತು ನಿಜವಲ್ಲ. ಉಪ್ಪು ಸಿಪ್ಪೆಯನ್ನು ಮೆತ್ತಗಾಗಿಸುತ್ತದೆ. 8ರಿಂದ 12 ಗಂಟೆ ಸಾಕು. ಸೆಕೆಗಾಲದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಹೊರಗಿಟ್ಟರೆ ಹುಳಿ ವಾಸನೆ ಬರುತ್ತದೆ, ಹಾಗಾಗಿ ಫ್ರಿಜ್‌ನಲ್ಲೇ ನೆನೆಸುವುದು ಒಳ್ಳೆಯದು. ನೆನೆಸಿದ ನೀರನ್ನು ಚೆಲ್ಲಿಬಿಡಿ. ಹೊಟ್ಟೆಯುಬ್ಬರ ತರುವ ಸಕ್ಕರೆಗಳು ಸ್ವಲ್ಪಮಟ್ಟಿಗೆ ಅದರಲ್ಲೇ ಹೋಗುತ್ತವೆ. ಕಾಳು ತಿಂದು ಅಭ್ಯಾಸವೇ ಇಲ್ಲದವರು ಮೊದಲ ವಾರ ದಿನಕ್ಕೆ ಅರ್ಧ ಕಪ್‌ನಿಂದ ಆರಂಭಿಸಿ ಮೆಲ್ಲಗೆ ಏರಿಸಲಿ.

ಕುಕ್ಕರಿಗೆ ಹಾಕಿ ಕಾಳಿನ ಮೇಲೆ ಒಂದಂಗುಲ ನಿಲ್ಲುವಷ್ಟು ಹೊಸ ನೀರು ಹಾಕಿ. ಕಾಳು, ನೀರು ಸೇರಿ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು: ಕಾಳಿನ ನೊರೆ ಮೇಲೆದ್ದು ಹಬೆ ಹೋಗುವ ರಂಧ್ರವನ್ನು ಕಟ್ಟುತ್ತದೆ, ಅದು ಅಪಾಯ. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ಪೂರ್ತಿ ಹಬೆ ಬಂದ ಮೇಲೆ ಉರಿ ಸಣ್ಣದು ಮಾಡಿ 15ರಿಂದ 20 ನಿಮಿಷ ಬಿಟ್ಟು ಆರಿಸಿ. ಹಬೆ ತಾನಾಗಿಯೇ ಇಳಿಯಲಿ, ಬಲವಂತವಾಗಿ ಬಿಟ್ಟರೆ ಕಾಳು ಒಡೆದು ಸಿಪ್ಪೆ ಕಳಚುತ್ತದೆ. ಐದಾರು ಕಪ್ ಬೆಂದ ಕಾಳು ಸಿಗುತ್ತದೆ.

ಇಷ್ಟಾದರೂ ಬೇಯದಿದ್ದರೆ? ಕಾರಣ ಮೂರರಲ್ಲಿ ಒಂದು. ಕಾಳು ತುಂಬ ಹಳೆಯದಿರಬಹುದು, ನೀರು ಗಡಸಿರಬಹುದು, ಇಲ್ಲವೇ ಟೊಮೆಟೊ, ಹುಣಸೆ, ನಿಂಬೆಯಂಥ ಹುಳಿ ಮೊದಲೇ ಬಿದ್ದಿರಬಹುದು. ಹುಳಿಯನ್ನು ಯಾವತ್ತೂ ಬೆಂದ ಮೇಲೆಯೇ ಹಾಕಬೇಕು. ಗಡಸು ನೀರಿಗೆ ಅಥವಾ ಹಳೆಯ ಕಾಳಿಗೆ ನೆನೆಸುವಾಗ ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿದರೆ ಸಾಕು. ಅದಕ್ಕಿಂತ ಜಾಸ್ತಿಯಾದರೆ ಸೋಪಿನ ರುಚಿ ಬಂದು ಕಾಳು ಮುದ್ದೆಯಾಗುತ್ತದೆ.

ಬೆಂದ ಕಾಳು ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಅದರಾಚೆಗಿನದನ್ನು ಅಂದೇ ಒಂದೂವರೆ ಕಪ್‌ನ ಡಬ್ಬಿಗಳಲ್ಲಿ ಸ್ವಲ್ಪ ಬೇಯಿಸಿದ ನೀರಿನ ಸಮೇತ ಫ್ರೀಜರ್‌ಗೆ ಸೇರಿಸಿ. ಎರಡು ಮೂರು ತಿಂಗಳು ಕೆಡುವುದಿಲ್ಲ. ಎಲ್ಲವನ್ನೂ ಒಂದೇ ದೊಡ್ಡ ಡಬ್ಬಿಯಲ್ಲಿ ಗಡ್ಡೆಗಟ್ಟಿಸಿದರೆ ಒಂದು ಊಟಕ್ಕಾಗಿ ಇಡೀ ಡಬ್ಬಿ ಕರಗಿಸಬೇಕು, ಆ ರಗಳೆಗೇ ಕಾಳು ಅಲ್ಲೇ ಉಳಿದುಹೋಗುತ್ತದೆ. ಇಷ್ಟೂ ಬೇಡವೆಂದರೆ ಡಬ್ಬಿಯಲ್ಲಿ ಸಿಗುವ ಬೆಂದ ಕಾಳು ಕೊಳ್ಳಿ, ನೀರು ಬಸಿದು ತೊಳೆದುಕೊಳ್ಳಿ. ಅದರ ಉಪ್ಪಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾಗೆಯೇ ಹೋಗುತ್ತದೆ.

ರಾಜ್ಮಾ ವಿಷಯದಲ್ಲಿ ಮಾತ್ರ ಸೋಮಾರಿತನ ಬೇಡ. ಹಸಿ ರಾಜ್ಮಾದಲ್ಲಿ ಫೈಟೋಹೀಮಾಗ್ಲುಟಿನಿನ್ ಎಂಬ ವಿಷಾಂಶ ಇದೆ. ಅರೆಬೆಂದ ಕೆಲವೇ ಕಾಳು ತಿಂದರೂ ವಾಂತಿ ಬೇಧಿ ಶುರುವಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಬೇಕು. ಕುದಿಯದೆ ಬರೀ ಬಿಸಿಯಲ್ಲಿ ಗಂಟೆಗಟ್ಟಲೆ ಇಡುವ ಸ್ಲೋ ಕುಕ್ಕರ್‌ಗೆ ಹಸಿ ರಾಜ್ಮಾ ನೇರವಾಗಿ ಹಾಕಲೇಬೇಡಿ.

ನೆನೆಸುವುದನ್ನೇ ಮರೆಯುವವರಿಗೆ ಕೆಂಪು ಮಸೂರ್ ಬೇಳೆ ಇದೆ. ನೆನೆಸಬೇಕಿಲ್ಲ, ತೆರೆದ ಪಾತ್ರೆಯಲ್ಲೂ 15ರಿಂದ 20 ನಿಮಿಷಕ್ಕೆ ಕರಗಿಹೋಗುತ್ತದೆ. ರೈಸ್ ಕುಕ್ಕರ್ ಇದ್ದರಂತೂ ಒಂದು ಕಪ್ ಅಕ್ಕಿ, ಅರ್ಧ ಕಪ್ ಮಸೂರ್, ಮೂರೂಕಾಲು ಕಪ್ ನೀರು, ಉಪ್ಪು, ಮೇಲೊಂದು ಹಿಡಿ ಫ್ರೋಜನ್ ಬಟಾಣಿ ಹಾಕಿ ಗುಂಡಿ ಒತ್ತಿ ಎದ್ದುಹೋಗಿ. ಉಕ್ಕಿ ಚೆಲ್ಲಿದರೆ ಬೇಳೆ ಸರಿಯಾಗಿ ತೊಳೆದಿಲ್ಲ ಅಥವಾ ಕುಕ್ಕರ್ ತುಂಬಾ ಸಣ್ಣದು ಎಂದರ್ಥ. ಮಿಕ್ಕದ್ದನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಒಂದು ಗಂಟೆಯೊಳಗೆ ಆರಿಸಿ ಫ್ರಿಜ್‌ಗೆ ಹಾಕಿ, ಮರುದಿನವೇ ಚೆನ್ನಾಗಿ ಬಿಸಿಮಾಡಿ ಮುಗಿಸಿ. ರಾತ್ರಿಯಿಡೀ ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಫ್ರೋಜನ್ ತರಕಾರಿಯನ್ನು ಕೀಳಾಗಿ ಕಾಣಬೇಡಿ. ತೊಳೆದು, ಹೆಚ್ಚಿ ಕೊಟ್ಟಿರುತ್ತಾರೆ, ಕೊಳೆತು ಎಸೆಯುವ ಗೋಳಿಲ್ಲ. ಕರಗಿಸಿ ಬೇಯಿಸಿದರೆ ನೀರು ಬಿಟ್ಟು ಸಪ್ಪೆಯಾಗುತ್ತದೆ, ಗಟ್ಟಿಯಾಗಿರುವಾಗಲೇ ಬಿಸಿಗೆ ಹಾಕಬೇಕು.

ಸೋಯಾ ಚಂಕ್ಸ್ ಇಷ್ಟವಿಲ್ಲ ಎನ್ನುವವರು ಬಹುಶಃ ಸರಿಯಾಗಿ ಹಿಂಡಿದ ಚಂಕ್ಸ್ ತಿಂದಿರುವುದಿಲ್ಲ. ಕುದಿಯುವ ಉಪ್ಪುನೀರಿನಲ್ಲಿ 10 ನಿಮಿಷ ನೆನೆಸಿ, ಹಿಂಡಿ, ತಣ್ಣೀರಿನಲ್ಲಿ ತೊಳೆದು ಇನ್ನೊಮ್ಮೆ ಗಟ್ಟಿಯಾಗಿ ಹಿಂಡಿ. ಹಸಿ ವಾಸನೆ ಎಲ್ಲ ಆ ನೀರಿನಲ್ಲೇ ಇರುವುದು, ಅದು ಹೋದ ಜಾಗಕ್ಕೆ ಸಾಸ್ ಇಳಿಯುತ್ತದೆ. ಒಣ ತೂಕದ ಅರ್ಧದಷ್ಟು ಪ್ರೋಟೀನೇ: 30 ಗ್ರಾಂಗೆ ಸುಮಾರು 15 ಗ್ರಾಂ. ಸೋಯಾ ಹಾಲಿನ ಪನೀರ್ ಎನ್ನಬಹುದಾದ ಟೋಫುವಿಗೆ ಈ ಶ್ರಮವೂ ಬೇಡ, ಗಟ್ಟಿ ಟೋಫುವನ್ನು ಪ್ಯಾಕೆಟ್‌ನಿಂದ ತೆಗೆದು, ನೀರು ಒತ್ತಿ, ಪುಡಿ ಮಾಡಿ ಹಾಗೆಯೇ ತಿನ್ನಬಹುದು.

ಇನ್ನು ಸಾಸ್. ಎರಡು ದೊಡ್ಡ ಚಮಚ ಪೀನಟ್ ಬಟರ್, ಒಂದು ದೊಡ್ಡ ಚಮಚ ಸೋಯಾ ಸಾಸ್, ಅಷ್ಟೇ ನಿಂಬೆರಸ, ಚಿಟಿಕೆ ಖಾರದ ಪುಡಿ. ಬಿಸಿ ನೀರನ್ನು ಚಮಚ ಚಮಚವಾಗಿ ಹಾಕಿ ಕಲಸಿ. ಮೊದಲ ಚಮಚಕ್ಕೆ ಅದು ಒಡೆದಂತಾಗಿ ಗಟ್ಟಿಯಾಗುತ್ತದೆ. ಕೆಟ್ಟಿತೆಂದು ಅಲ್ಲಿಗೇ ಬಿಡಬೇಡಿ, ಇನ್ನೆರಡು ಚಮಚಕ್ಕೆ ನಯವಾಗುತ್ತದೆ. ಅನ್ನ, ನೂಡಲ್ಸ್, ಬೆಂದ ಕಾಳು, ಚಂಕ್ಸ್, ಆಲೂಗಡ್ಡೆ, ಯಾವುದರ ಮೇಲಾದರೂ ಸುರಿಯಿರಿ. ಊಟ ಸಪ್ಪೆ ಅನಿಸಿದರೆ ಬಹುಮಟ್ಟಿಗೆ ಕೊರತೆ ಹುಳಿಯದು, ಮಸಾಲೆಯದಲ್ಲ. ಅರ್ಧ ನಿಂಬೆ ಹಿಂಡಿ ನೋಡಿ.

ಆಲೂಗಡ್ಡೆಯನ್ನು ಫೋರ್ಕ್‌ನಿಂದ ಏಳೆಂಟು ಕಡೆ ಚುಚ್ಚಿ ಮೈಕ್ರೋವೇವ್‌ನಲ್ಲಿಡಿ, 200 ಗ್ರಾಂನದಕ್ಕೆ 5ರಿಂದ 7 ನಿಮಿಷ, ನಡುವೆ ಒಮ್ಮೆ ತಿರುವಿ. ಚುಚ್ಚದಿದ್ದರೆ ಒಳಗಿನ ಹಬೆಗೆ ಸಿಡಿಯಬಹುದು. ಬೆಳಗಿಗೆ ರಾತ್ರಿಯೇ ಅರ್ಧ ಕಪ್ ರೋಲ್ಡ್ ಓಟ್ಸ್, ಮುಕ್ಕಾಲು ಕಪ್ ಸೋಯಾ ಹಾಲು, ಒಂದು ಚಮಚ ಅಗಸೆ ಪುಡಿ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟರಾಯಿತು. ಇನ್‌ಸ್ಟಂಟ್ ಓಟ್ಸ್ ಅಂಟಾಗುತ್ತದೆ. ಬಾಳೆಹಣ್ಣು ತಿನ್ನುವಾಗ ಹಾಕಿಕೊಳ್ಳಿ, ಮೊದಲೇ ಹಾಕಿದರೆ ಕಪ್ಪಾಗುತ್ತದೆ.

ಪ್ರೋಟೀನ್ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ವಯಸ್ಕರಿಗೆ ಕಿಲೋ ತೂಕಕ್ಕೆ ಸುಮಾರು 0.8 ಗ್ರಾಂ, ಅಂದರೆ 60 ಕಿಲೋ ಇರುವವರಿಗೆ 50 ಗ್ರಾಂ ಹತ್ತಿರ. 30 ಗ್ರಾಂ ಚಂಕ್ಸ್‌ನಲ್ಲಿ 15, ಒಂದು ಕಪ್ ಬೆಂದ ಕಡಲೆಯಲ್ಲಿ 14ರ ಸುಮಾರು, ಹಿಡಿ ಶೇಂಗಾದಲ್ಲಿ 7, ಓಟ್ಸ್‌ನಲ್ಲಿ 5. ಮಿಕ್ಕದ್ದು ಅನ್ನ, ಸೋಯಾ ಹಾಲಿನಿಂದ ತುಂಬುತ್ತದೆ. ಧಾನ್ಯ, ಕಾಳು ಒಂದೇ ತಟ್ಟೆಯಲ್ಲಿರಬೇಕೆಂಬ ನಿಯಮವೇನಿಲ್ಲ, ಇಡೀ ದಿನದಲ್ಲಿ ಎರಡೂ ಹೊಟ್ಟೆ ಸೇರಿದರೆ ಸರಿ.

ತಲೆ ಕೆಡಿಸಿಕೊಳ್ಳಬೇಕಾದದ್ದು ವಿಟಮಿನ್ ಬಿ12 ಬಗ್ಗೆ. ನಂಬಬಹುದಾದ ಪ್ರಮಾಣದಲ್ಲಿ ಅದು ಸಸ್ಯಗಳಿಂದ ಬರುವ ಯಾವ ಆಹಾರದಲ್ಲೂ ಇಲ್ಲ. ಪುಡಿ, ಮಾತ್ರೆಯಾಗಿ ಮಾರುವ ಸ್ಪಿರುಲಿನಾ ಪಾಚಿಯಲ್ಲಿರುವುದು ಹೆಚ್ಚಾಗಿ ದೇಹಕ್ಕೆ ಉಪಯೋಗವಾಗದ ರೂಪ. 1944ರಲ್ಲಿ ಬ್ರಿಟನ್‌ನಲ್ಲಿ ಹುಟ್ಟಿದ ವೀಗನ್ ಸೊಸೈಟಿಯ ಸಲಹೆ ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ ಮಾತ್ರೆ, ಇಲ್ಲವೇ ವಾರಕ್ಕೆ 2000. ವಾರದ ಪ್ರಮಾಣ ಅಷ್ಟು ದೊಡ್ಡದಿರಲು ಕಾರಣ, ಒಂದು ಬಾರಿಗೆ ದೇಹ ಹೀರಿಕೊಳ್ಳುವುದು ತೀರ ಸ್ವಲ್ಪ. ಯಕೃತ್ತಿನಲ್ಲಿ ಸಂಗ್ರಹವಿರುವುದರಿಂದ ಕೊರತೆ ಕಾಣಲು ವರ್ಷಗಳೇ ಹಿಡಿಯಬಹುದು. ‘ನನಗೇನೂ ಆಗಿಲ್ಲ’ ಎಂಬುದು ಮಾತ್ರೆ ಬಿಡಲು ಕಾರಣವಲ್ಲ.

ಉಳಿದವು ಸಣ್ಣ ಅಭ್ಯಾಸಗಳು. ಅಗಸೆಯನ್ನು ಪುಡಿ ಮಾಡಿಯೇ ತಿನ್ನಿ, ಇಡೀ ಬೀಜ ಬಂದ ಹಾಗೇ ಹೋಗುತ್ತದೆ. ಪುಡಿ ಫ್ರಿಜ್‌ನಲ್ಲಿರಲಿ, ಇಲ್ಲವಾದರೆ ಕಮಟುತ್ತದೆ. ಕಾಫಿ, ಟೀ ಊಟದ ಜೊತೆ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ, ಕಾಳಿನ ಕಬ್ಬಿಣಾಂಶವನ್ನು ಅವು ತಡೆಯುತ್ತವೆ, ನಿಂಬೆರಸ ಹೆಚ್ಚಿಸುತ್ತದೆ. ಉಪ್ಪು ಅಯೋಡಿನ್ ಸೇರಿಸಿದ್ದೇ ಇರಲಿ. ಸೋಯಾ ಹಾಲು ಕ್ಯಾಲ್ಸಿಯಂ ಸೇರಿಸಿದ್ದನ್ನು ಕೊಂಡು, ಪ್ರತಿ ಸಲ ಪ್ಯಾಕೆಟ್ ಚೆನ್ನಾಗಿ ಕುಲುಕಿ ಬಗ್ಗಿಸಿ. ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ.

ಬಿಸ್ಕತ್ತು, ಬ್ರೆಡ್, ಸೂಪ್ ಪುಡಿ ಕೊಳ್ಳುವಾಗ ಪ್ಯಾಕೆಟ್‌ನ ಹಿಂಬದಿಯಲ್ಲಿ ಹುಡುಕಬೇಕಾದ ಹೆಸರುಗಳು: ಮಿಲ್ಕ್ ಸಾಲಿಡ್ಸ್, ವೇ, ಕೇಸಿನ್ (ಮೂರೂ ಹಾಲಿನಿಂದ), ಜೆಲಾಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ), ಜೇನು. ಇವಿದ್ದರೆ ಅದು ವೀಗನ್ ಅಲ್ಲ. ಕಾಫಿಗೆ ಹಾಕುವ ‘ನಾನ್ ಡೈರಿ’ ಪುಡಿಯನ್ನು ಹೆಸರು ನೋಡಿ ನಂಬಬೇಡಿ. ಅವುಗಳಲ್ಲಿ ಹಲವಕ್ಕೆ ಸೋಡಿಯಂ ಕೇಸಿನೇಟ್ ಹಾಕಿರುತ್ತಾರೆ, ಅದು ಹಾಲಿನಿಂದಲೇ ತೆಗೆದದ್ದು.