ಬೇಟೆಬಾಣದ ಮೊನೆ: 100 ಗ್ರೇನ್ ಸಾಕೇ, 125 ಬೇಕೇ, ಇನ್ನೂ ಭಾರವೇ?

ಬೇಟೆಗೆ ಬಾಣ ಸಿದ್ಧಮಾಡಲು ಕೂತವರು ಮೊದಲು ಎತ್ತುವ ಪ್ರಶ್ನೆ ಮೊನೆಯದು. 100 ಗ್ರೇನ್ ಸಾಕೇ, 125 ಬೇಕೇ, 200ಕ್ಕೆ ಹೋಗಬೇಕೇ? ಇದಕ್ಕೆ ಪ್ರತ್ಯೇಕವಾಗಿ ಉತ್ತರವಿಲ್ಲ. ಪೂರ್ತಿ ಬಾಣ ಎಷ್ಟು ತೂಗಬೇಕೆಂದು ಮೊದಲು ಗೊತ್ತುಮಾಡಿಕೊಳ್ಳಬೇಕು, ಆಮೇಲೆ ಮೊನೆಯನ್ನೂ ಶಾಫ್ಟನ್ನೂ (ಬಾಣದ ಕಡ್ಡಿಯನ್ನೂ) ಜೋಡಿಯಾಗಿ ಆರಿಸಬೇಕು. ಮೊನೆಯೊಂದನ್ನೇ ಬದಲಿಸಿ ಉಳಿದದ್ದನ್ನು ಹಾಗೇ ಬಿಟ್ಟರೆ ಬಾಣ ಬಾಲ ಆಡಿಸುತ್ತ ಹಾರುತ್ತದೆ. ಹಾಗೆ ಹಾರಿದ ಬಾಣ ಆಳಕ್ಕಿಳಿಯದೆ ಪ್ರಾಣಿಯನ್ನು ಗಾಯಗೊಳಿಸಿ ಬಿಡುತ್ತದೆ. ಬಿಲ್ಲುಬೇಟೆಯಲ್ಲಿ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ತೂಕದ ಲೆಕ್ಕವೆಲ್ಲ ಗ್ರೇನ್‌ನಲ್ಲಿ. 7000 ಗ್ರೇನ್ ಸೇರಿದರೆ ಒಂದು ಪೌಂಡ್. ಒಂದು ಗ್ರಾಂ ಅಂದರೆ ಸುಮಾರು 15.4 ಗ್ರೇನ್. 100ರ ಮೊನೆಗೂ 125ರ ಮೊನೆಗೂ ಇರುವ ಅಂತರ ಬರೀ 1.6 ಗ್ರಾಂ. ಬಿಲ್ಲಿನ ಸೆಳೆತದ ಪ್ರತಿ ಪೌಂಡಿಗೆ ಬಾಣ ಎಷ್ಟು ಗ್ರೇನ್ ತೂಗುತ್ತದೆ ಎಂದು ನೋಡುವುದು ರೂಢಿ. 5ಕ್ಕಿಂತ ಕೆಳಗೆ ಇಳಿಯಲೇಬಾರದು. ಅಷ್ಟು ಹಗುರವಾದ ಬಾಣ ಬಿಲ್ಲಿನ ಶಕ್ತಿಯನ್ನು ಸರಿಯಾಗಿ ಹೊತ್ತೊಯ್ಯಲಾರದು. ಮಿಕ್ಕಿದ ಶಕ್ತಿ ಲಿಂಬ್ (ಬಿಲ್ಲಿನ ಬಾಗುವ ತೋಳು), ಹೆದೆ, ಕ್ಯಾಮ್ (ತೋಳಿನ ತುದಿಯ ರಾಟೆ) ಇವುಗಳ ಮೇಲೆ ಹೊಡೆತವಾಗಿ ಬೀಳುತ್ತದೆ. ಬೇಟೆಗೆ ರಾಟೆಯಿರುವ ಕಾಂಪೌಂಡ್ ಬಿಲ್ಲಿನಲ್ಲಿ 6ರಿಂದ 8, ರಾಟೆಯಿಲ್ಲದ ರಿಕರ್ವ್ ಮತ್ತು ಲಾಂಗ್‌ಬೋಗಳಲ್ಲಿ 8ರಿಂದ 10 ಇಟ್ಟುಕೊಳ್ಳುವುದು ಒಳ್ಳೆಯದು. 60 ಪೌಂಡ್ ಕಾಂಪೌಂಡ್‌ಗೆ ಅದು 360ರಿಂದ 480 ಗ್ರೇನ್ ಆಗುತ್ತದೆ. ಜಿಂಕೆಯಂಥ ಪ್ರಾಣಿಗೆ 400ರ ಆಸುಪಾಸು ಸಾಕು. ಕಾಡುಹಂದಿ, ಎಲ್ಕ್ ಎಂಬ ಭಾರಿ ಜಿಂಕೆಯಂಥವಕ್ಕೆ 450 ದಾಟಿಸುವುದು ಮೇಲು. ದಪ್ಪ ಮೂಳೆಯನ್ನು ಸೀಳಿಕೊಂಡು ಹೋಗಬೇಕಾದರೆ ಬಾಣ 650 ಗ್ರೇನ್‌ಗೆ ಕಡಿಮೆ ಇರಬಾರದೆಂಬುದು ಬಾಣ ಎಷ್ಟು ಆಳಕ್ಕಿಳಿಯುತ್ತದೆಂದು ಪರೀಕ್ಷಿಸಿದ ಬಿಲ್ಲುಬೇಟೆಗಾರ ಎಡ್ ಆಶ್ಬಿಯವರ ಪ್ರಯೋಗಗಳಿಂದ ಬಂದ ಮಾತು. ಕಾಡೆಮ್ಮೆಯಂಥ ದೈತ್ಯರ ವಿಷಯದಲ್ಲಿ ಅದು ಸರಿ. ಜಿಂಕೆಯ ಪಕ್ಕೆಲುಬಿಗೆ ಅಷ್ಟು ಬೇಕಿಲ್ಲ.

ಈಗ ಒಂದು ಬಾಣವನ್ನು ಬಿಡಿಸಿ ತೂಗೋಣ. ಶಾಫ್ಟ್ 28 ಇಂಚು, ಇಂಚಿಗೆ 8.5 ಗ್ರೇನ್‌ನಂತೆ 238. ಮೊನೆ ತಿರುಗಿಸಿ ಕೂರಿಸಲು ಶಾಫ್ಟ್‌ನೊಳಗೆ ಅಂಟಿಸುವ ಅಲ್ಯೂಮಿನಿಯಂ ಇನ್ಸರ್ಟ್ 20. ಮೂರು ವೇನ್ (ಪ್ಲಾಸ್ಟಿಕ್ ಗರಿ) ಸೇರಿ 18. ಹೆದೆಗೆ ಕಚ್ಚಿಕೊಳ್ಳುವ ಹಿಂತುದಿಯ ನಾಕ್ 10. ಇದಕ್ಕೆ 100ರ ಮೊನೆ ಹಾಕಿದರೆ 386, 125ಕ್ಕೆ 411, 150ಕ್ಕೆ 436, 200ಕ್ಕೆ 486. 386ರ ಬಾಣವನ್ನು ಸೆಕೆಂಡಿಗೆ 270 ಅಡಿ ವೇಗದಲ್ಲಿ ಬಿಡುವ ಬಿಲ್ಲು 411ರದ್ದನ್ನು ಸುಮಾರು 263ಕ್ಕೆ, 486ರದ್ದನ್ನು ಸುಮಾರು 244ಕ್ಕೆ ಬಿಡುತ್ತದೆ. ಅಂದರೆ ಮೂರ್ನಾಲ್ಕು ಗ್ರೇನ್ ಏರಿದರೆ ಒಂದು ಅಡಿ ವೇಗ ಇಳಿಯುತ್ತದೆ ಎಂದಿಟ್ಟುಕೊಳ್ಳಬಹುದು.

ವೇಗ ಇಳಿದರೂ ಚಲನಶಕ್ತಿ ಇಳಿಯುವುದಿಲ್ಲ, ಕೂದಲೆಳೆಯಷ್ಟು ಏರುತ್ತದೆ. ಭಾರದ ಬಾಣ ಬಿಲ್ಲಿನಿಂದ ಹೆಚ್ಚು ಪಾಲು ಶಕ್ತಿ ಪಡೆಯುವುದೇ ಇದಕ್ಕೆ ಕಾರಣ. ಗ್ರೇನ್ ತೂಕವನ್ನು ವೇಗದ ವರ್ಗದಿಂದ ಗುಣಿಸಿ 450240ರಿಂದ ಭಾಗಿಸಿದರೆ ಫುಟ್-ಪೌಂಡ್ ಸಿಗುತ್ತದೆ: 386ರ ಬಾಣಕ್ಕೆ 62.5, 486ರದ್ದಕ್ಕೆ 64ರ ಮೇಲೆ. ಆವೇಗದಲ್ಲಿ (ಮೊಮೆಂಟಮ್) ಅಂತರ ಇನ್ನೂ ದೊಡ್ಡದು. ತೂಕವನ್ನು ವೇಗದಿಂದ ಗುಣಿಸಿ 225218ರಿಂದ ಭಾಗಿಸಿ: 0.463 ಇದ್ದದ್ದು 0.527ಕ್ಕೆ ಏರುತ್ತದೆ. ಚರ್ಮ, ಮಾಂಸ, ಪಕ್ಕೆಲುಬು ಎದುರಾದಾಗ ಬಾಣವನ್ನು ಮುಂದಕ್ಕೆ ನೂಕುವುದರಲ್ಲಿ ಈ ಆವೇಗದ ಪಾಲು ದೊಡ್ಡದು. ಭಾರದ ಬಾಣಕ್ಕೆ ಬಿಲ್ಲಿನ ಸದ್ದೂ ತಗ್ಗುತ್ತದೆ. ಸದ್ದು ಸೆಕೆಂಡಿಗೆ 1100 ಅಡಿಗೂ ಮೀರಿ ಓಡುವುದರಿಂದ ಯಾವ ಬಾಣವೂ ಅದನ್ನು ಹಿಂದೆಹಾಕಲಾರದು. ಬೆದರಿದ ಜಿಂಕೆ ಬಾಣ ತಲುಪುವಷ್ಟರಲ್ಲಿ ಮೈ ಕುಗ್ಗಿಸಿಬಿಡುತ್ತದೆ. ಆದ್ದರಿಂದ ಐದಾರು ಅಡಿ ವೇಗಕ್ಕಿಂತ ಸದ್ದು ಕಡಿಮೆಯಾಗುವುದೇ ಲಾಭ.

“ಭಾರದ ಬಾಣ ಬೇಗ ಕೆಳಗೆ ಬೀಳುತ್ತದಲ್ಲ” ಎಂಬ ಆಕ್ಷೇಪ ಯಾವಾಗಲೂ ಬರುತ್ತದೆ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ 40 ಗಜದಲ್ಲಿ 270ರ ಬಾಣ ಸುಮಾರು 38 ಇಂಚು ಬೀಳುತ್ತದೆ, 263ರದ್ದು 40, 244ರದ್ದು 47. ಬಿಲ್ಲಿನ ಮೇಲೆ ಒಂದೊಂದು ದೂರಕ್ಕೆ ಗುರಿಹಿಡಿಯಲು ಇರುವ ಸೈಟ್ ಪಿನ್‌ಗಳನ್ನು ಹೊಸ ಬಾಣಕ್ಕೆ ಹೊಂದಿಸದಿದ್ದರೆ ಈ ಒಂಬತ್ತು ಇಂಚು ಪ್ರಾಣಿಯ ಹೊಟ್ಟೆಯ ಕೆಳಗೆ ಹೋಗುವಷ್ಟು ದೊಡ್ಡದು. ಹೊಂದಿಸಿಕೊಂಡ ಮೇಲೆ ಉಳಿಯುವುದು ದೂರದ ಅಂದಾಜು ತಪ್ಪುವ ಸಂಗತಿ ಮಾತ್ರ. 43 ಗಜ ದೂರದಲ್ಲಿರುವ ಪ್ರಾಣಿಗೆ 40ರ ಪಿನ್ ಹಿಡಿದು ಬಿಟ್ಟರೆ ಹಗುರ ಬಾಣ 3 ಇಂಚಿನಷ್ಟು, ಭಾರದ್ದು ಹತ್ತಿರಹತ್ತಿರ 4 ಇಂಚು ತಗ್ಗಿ ನಾಟುತ್ತದೆ. ಮುಕ್ಕಾಲು ಇಂಚಿನ ಈ ವ್ಯತ್ಯಾಸಕ್ಕಾಗಿ 100 ಗ್ರೇನ್ ತೂಕ ಬಿಟ್ಟುಕೊಡುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯ ವ್ಯವಹಾರವಲ್ಲ. ದೂರ ಅಳೆಯುವ ರೇಂಜ್‌ಫೈಂಡರ್ ಕೈಯಲ್ಲಿದ್ದರಂತೂ ಈ ಭಯವೇ ಬೇಡ.

ಎಲ್ಲರೂ ಎಡವುವುದು ಸ್ಪೈನ್‌ನಲ್ಲಿ, ಅಂದರೆ ಶಾಫ್ಟ್‌ನ ಬಳುಕಿನ ಅಳತೆಯಲ್ಲಿ. ಕಾರ್ಬನ್ ಶಾಫ್ಟ್‌ನ ಮೇಲೆ ಬರೆದ 300, 340, 400, 500 ಎಂಬ ಅಂಕಿ ಅದರ ಬಳುಕನ್ನು ಹೇಳುತ್ತದೆ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಶಾಫ್ಟ್ ಇಟ್ಟು ನಡುವೆ 1.94 ಪೌಂಡ್ ತೂಗುಹಾಕಿದಾಗ ಅರ್ಧ ಇಂಚು ಬಾಗಿದರೆ ಅದು 500; 0.34 ಇಂಚು ಬಾಗಿದರೆ 340. ಅಂಕಿ ಚಿಕ್ಕದಾದಷ್ಟೂ ಶಾಫ್ಟ್ ಗಟ್ಟಿ. ಇದು ನಿಂತ ಶಾಫ್ಟ್‌ನ ಅಳತೆ. ಹೆದೆ ಬಿಟ್ಟ ಕ್ಷಣದಲ್ಲಿ ಹಿಂದಿನಿಂದ ಹೆದೆ ನೂಕುತ್ತದೆ, ಮುಂದಿರುವ ಮೊನೆ ತನ್ನ ಭಾರದಿಂದ ಕದಲಲು ತಡಮಾಡುತ್ತದೆ, ನಡುವೆ ಸಿಕ್ಕ ಶಾಫ್ಟ್ ಬಳುಕುತ್ತದೆ. ಮೊನೆ ಭಾರವಾದಷ್ಟೂ ಬಳುಕು ಹೆಚ್ಚು. ಶಾಫ್ಟ್ ಉದ್ದವಾದರೂ, ಬಿಲ್ಲಿನ ಪೌಂಡ್ ಏರಿದರೂ ಹೀಗೇ. 25 ಗ್ರೇನ್ ಸೇರಿಸುವುದೂ ಶಾಫ್ಟನ್ನು ಒಂದು ಇಂಚು ಉದ್ದ ಬಿಡುವುದೂ ಬಿಲ್ಲನ್ನು ಮೂರರಿಂದ ಐದು ಪೌಂಡ್ ಏರಿಸುವುದೂ ಹೆಚ್ಚುಕಡಿಮೆ ಒಂದೇ ಪರಿಣಾಮ ಕೊಡುತ್ತವೆ.

60 ಪೌಂಡ್ ಕಾಂಪೌಂಡ್, 28 ಇಂಚಿನ ಶಾಫ್ಟ್, 100ರ ಮೊನೆ: ಸಾಮಾನ್ಯವಾಗಿ 400ರ ಶಾಫ್ಟ್ ಹೊಂದುತ್ತದೆ. ಅದೇ ಶಾಫ್ಟ್‌ಗೆ 200ರ ಮೊನೆ ತಿರುಗಿಸಿದರೆ ಅದು ಮೆದುವಾಗಿಬಿಡುತ್ತದೆ. 340ಕ್ಕೋ 300ಕ್ಕೋ ಹೋಗಬೇಕು. ತಯಾರಕರ ಪಟ್ಟಿಯಲ್ಲಿ ಮೊನೆಯ ತೂಕದ ಸಾಲು ಇದ್ದೇ ಇರುತ್ತದೆ, ಅದನ್ನು ಬಿಟ್ಟು ಬರೀ ಪೌಂಡ್ ಮತ್ತು ಉದ್ದ ನೋಡಿ ಶಾಫ್ಟ್ ಕೊಳ್ಳಬೇಡಿ. ಇನ್ಸರ್ಟ್‌ನ ತೂಕವೂ ಮುಂದಿನ ಭಾರವೇ. ಹಗುರ ಇನ್ಸರ್ಟ್ ತೆಗೆದು 75 ಗ್ರೇನ್ ಹಿತ್ತಾಳೆಯದು ಹಾಕಿ “ಮೊನೆ ಬದಲಿಸಿಲ್ಲವಲ್ಲ” ಅಂದುಕೊಂಡರೆ ಬಾಣ ಒಪ್ಪುವುದಿಲ್ಲ. ಕಾಂಪೌಂಡ್‌ನಲ್ಲಿ ಎರಡು ಸ್ಪೈನ್‌ಗಳ ನಡುವೆ ಅನುಮಾನ ಬಂದರೆ ಗಟ್ಟಿಯದನ್ನೇ ತೆಗೆದುಕೊಳ್ಳಿ. ತುಸು ಗಟ್ಟಿಯಾದ ಬಾಣವನ್ನು ಬ್ರಾಡ್‌ಹೆಡ್ (ಅಲಗುಳ್ಳ ಬೇಟೆಮೊನೆ) ಸಹಿಸುತ್ತದೆ, ಮೆದುವಾದದ್ದನ್ನು ಸಹಿಸದು.

ಮುಂಭಾರದ ಶೇಕಡಾವಾರು, ಎಲ್ಲರೂ ಎಫ್‌ಒಸಿ ಎನ್ನುವುದು, ಅಳೆಯಲು ಸುಲಭ. ನಾಕ್‌ನ ಕಚ್ಚಿನ ಒಳತಳದಿಂದ ಶಾಫ್ಟ್‌ನ ಕತ್ತರಿಸಿದ ತುದಿಯವರೆಗೆ ಅಳೆಯಿರಿ. ಮೊನೆ ಈ ಅಳತೆಗೆ ಸೇರದು. ಮೊನೆ ಹಾಕಿದ ಬಾಣವನ್ನು ಚಾಕುವಿನ ಬೆನ್ನಿನ ಮೇಲೆ ತೂಗಿಸಿ ಸಮತೋಲದ ಜಾಗ ಗುರುತಿಸಿ. ನಾಕ್‌ನಿಂದ ಅಲ್ಲಿಗಿರುವ ದೂರದಲ್ಲಿ ಅರ್ಧ ಉದ್ದ ಕಳೆದು, ಪೂರ್ತಿ ಉದ್ದದಿಂದ ಭಾಗಿಸಿ, 100ರಿಂದ ಗುಣಿಸಿ. 28 ಇಂಚಿನ ಬಾಣ 18.2 ಇಂಚಿನಲ್ಲಿ ನಿಂತರೆ ಶೇ 15. ಮೇಲಿನ ಲೆಕ್ಕದ ಬಾಣದಲ್ಲಿ 100ರ ಮೊನೆಗೆ ಸುಮಾರು ಶೇ 12.5, 125ಕ್ಕೆ 15, 150ಕ್ಕೆ 17, 200ಕ್ಕೆ 20.5 ಬರುತ್ತದೆ. ಶೇ 12ರಿಂದ 18ರೊಳಗೆ ಇದ್ದರೆ ಬೇಟೆಬಾಣ ಚೆನ್ನಾಗಿ ಹಾರುತ್ತದೆ. ಶೇ 10ಕ್ಕಿಂತ ಇಳಿದರೆ ಅಗಲದ ಬ್ರಾಡ್‌ಹೆಡ್ ಬಾಣವನ್ನು ಎಳೆದಾಡತೊಡಗುತ್ತದೆ, ಗರಿಗಳು ತಡವಾಗಿ ಹತೋಟಿಗೆ ತರುತ್ತವೆ. ಆದರೂ ಎಫ್‌ಒಸಿಯನ್ನೇ ಗುರಿಯಾಗಿಸಿಕೊಂಡು ಶಾಫ್ಟನ್ನು ತೀರ ತೆಳುವಾಗಿಸಿ ಮುಂದೆ ಭಾರ ಪೇರಿಸುವವರ ಜತೆ ನಾನಿಲ್ಲ. ತೆಳುಗೋಡೆಯ ಶಾಫ್ಟ್ ಮೂಳೆಗೆ ತಾಗಿದಾಗ ಇನ್ಸರ್ಟ್‌ನ ಹಿಂದೆಯೇ ಸೀಳುತ್ತದೆ. ಭಾರದ ಮೊನೆ ಹಾಕುವುದಾದರೆ ಶಾಫ್ಟ್‌ನ ತುದಿಗೆ ಹೊರಗಿನಿಂದ ಒಂದು ಲೋಹದ ಕಾಲರ್ ಇರಲಿ. ಆ ಕಾಲರ್‌ನ ತೂಕವನ್ನೂ ಲೆಕ್ಕಕ್ಕೆ ಸೇರಿಸಿ.

ಇಷ್ಟೆಲ್ಲ ನೋಡಿ ಎಲ್ಲಿಂದ ಶುರುಮಾಡಬೇಕು ಎಂದರೆ ನನ್ನ ಮತ 125ಕ್ಕೆ. ಒಂದೇ ಆಕಾರದಲ್ಲಿ ಆ ಹೆಚ್ಚುವರಿ 25 ಗ್ರೇನ್ ಉಕ್ಕು ಅಲಗಿನ ದಪ್ಪಕ್ಕೂ ಮೊನೆಯ ಬುಡಕ್ಕೂ ಹೋಗುತ್ತದೆ, ಮೂಳೆಗೆ ತಾಗಿದರೆ ಬಾಗುವುದು ಕಡಿಮೆ. 100 ಮತ್ತು 125, ಈ ಎರಡು ತೂಕಗಳಲ್ಲಿ ಬ್ರಾಡ್‌ಹೆಡ್‌ಗಳ ಆಯ್ಕೆಯೂ ಹೆಚ್ಚು. 45 ಪೌಂಡ್ ರಿಕರ್ವ್‌ನವರು 150ರಿಂದ 200ರ ಮೊನೆಯಿಂದಲೇ ಶುರುಮಾಡಬಹುದು, ಏಕೆಂದರೆ ಅಲ್ಲಿ ವೇಗವನ್ನು ನಂಬಿಕೊಳ್ಳುವಂತಿಲ್ಲ, ತೂಕವೇ ಆಸರೆ. ಶಕ್ತಿ ಕಡಿಮೆ ಇರುವ ಬಿಲ್ಲಿಗೆ ತಾಗಿದಾಗ ಬಿಚ್ಚಿಕೊಳ್ಳುವ ಮೆಕ್ಯಾನಿಕಲ್ ಬ್ರಾಡ್‌ಹೆಡ್ ಬೇಡ. ಬಿಚ್ಚಿಕೊಳ್ಳುವುದರಲ್ಲೇ ಒಂದಷ್ಟು ಶಕ್ತಿ ಖರ್ಚಾಗುತ್ತದೆ. ಎರಡಲಗಿನ, ಸ್ಥಿರವಾದದ್ದು ಸರಿ. ಕನಿಷ್ಠ ಅಗಲಕ್ಕೆ ಹಲವು ಕಡೆ ನಿಯಮವಿರುತ್ತದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಅದು ಒಂದು ಇಂಚಿನ ಎಂಟನೇ ಏಳು ಭಾಗ.

ಕೈಯಲ್ಲಿ ಮಾಡಿ ನೋಡುವ ಕ್ರಮ ಹೀಗೆ. ಒಂದೊಂದು ತೂಕದ ಫೀಲ್ಡ್ ಪಾಯಿಂಟ್‌ಗಳನ್ನು (ಅಲಗಿಲ್ಲದ ಅಭ್ಯಾಸದ ಮೊನೆಗಳನ್ನು), 100ರಿಂದ 200ರವರೆಗೆ, ತಂದಿಟ್ಟುಕೊಳ್ಳಿ. ಶಾಫ್ಟನ್ನು ಬೇಕಾದ ಉದ್ದಕ್ಕಿಂತ ಒಂದು ಇಂಚು ಹೆಚ್ಚೇ ಬಿಡಿ. ಇನ್ಸರ್ಟನ್ನು ಈಗಲೇ ಎಪಾಕ್ಸಿಯಿಂದ ಕೂರಿಸಬೇಡಿ, ಕಡಿಮೆ ಶಾಖದಲ್ಲಿ ಕರಗುವ ಹಾಟ್‌ಮೆಲ್ಟ್ ಅಂಟು ಸಾಕು. ಬಿಚ್ಚುವಾಗ ಕಾರ್ಬನ್‌ಗೆ ಉರಿ ತೋರಿಸದೆ ಫೀಲ್ಡ್ ಪಾಯಿಂಟನ್ನು ಮಾತ್ರ ಬಿಸಿಮಾಡಿ, ಇನ್ಸರ್ಟ್ ಸಮೇತ ಎಳೆಯಿರಿ. ಈಗ ಗರಿಯಿರುವ ಮೂರು ಬಾಣ, ಗರಿಯಿಲ್ಲದ ಒಂದು ಬಾಣ, ಎಲ್ಲಕ್ಕೂ ಒಂದೇ ಮೊನೆ, 15ರಿಂದ 20 ಗಜ. ಬಲಗೈಯವರು ಬೆರಳಿನಿಂದ ಹೆದೆ ಬಿಡುವಾಗ ಗರಿಯಿಲ್ಲದ ಬಾಣ ಉಳಿದವುಗಳ ಬಲಕ್ಕೆ ನಾಟಿದರೆ ಶಾಫ್ಟ್ ಮೆದು: ಮೊನೆ ಹಗುರ ಮಾಡಿ, ಇಲ್ಲವೇ ಶಾಫ್ಟನ್ನು ಕಾಲು ಇಂಚಿನಂತೆ ಕತ್ತರಿಸುತ್ತ ಬನ್ನಿ. ಎಡಕ್ಕೆ ನಾಟಿದರೆ ಗಟ್ಟಿ: ಮೊನೆಯ ತೂಕ ಏರಿಸಿ. ಎಡಗೈಯವರಿಗೆ ಇದು ತಿರುಗುಮುರುಗು. ಮೇಲೆ ಕೆಳಗೆ ನಾಟಿದರೆ ಅದು ಹೆದೆಯ ಮೇಲೆ ನಾಕ್ ಕೂರುವ ಜಾಗದ ದೋಷ, ಮೊನೆ ಬದಲಿಸಿ ಅದನ್ನು ಸರಿಪಡಿಸಲು ಹೋಗಬೇಡಿ. ಕಾಂಪೌಂಡ್‌ನಲ್ಲಿ ರಿಲೀಸ್ (ಹೆದೆ ಬಿಡುವ ಉಪಕರಣ) ಬಳಸುವವರಿಗೆ ಎಡಬಲದ ದೋಷ ಬಾಣ ಕೂರುವ ಆಸರೆಯಾದ ರೆಸ್ಟ್‌ನಿಂದಲೂ ಕ್ಯಾಮ್ ವಾಲುವುದರಿಂದಲೂ ಬರುತ್ತದೆ, ಆದ್ದರಿಂದ ಅವೆರಡನ್ನು ಮೊದಲು ತಯಾರಕರು ಹೇಳಿದ ಅಳತೆಗೆ ತಂದುಕೊಂಡೇ ಶಾಫ್ಟನ್ನು ದೂರಬೇಕು.

ಆಮೇಲೆ ಬ್ರಾಡ್‌ಹೆಡ್. ಡಬ್ಬಿಯ ಮೇಲೆ 125 ಎಂದಿದ್ದರೂ ಒಂದೊಂದನ್ನೂ ತಕ್ಕಡಿಯಲ್ಲಿಡಿ. ನಾಲ್ಕೈದು ಗ್ರೇನ್ ಆಚೀಚೆ ಇರುವುದನ್ನು ಅಭ್ಯಾಸಕ್ಕೆ ತೆಗೆದಿಡಿ. ತಿರುಗಿಸಿ ಬಿಗಿಮಾಡಿದ ಮೇಲೆ ಬಾಣವನ್ನು ಎರಡು ಉರುಳೆಗಳ ಮೇಲಿಟ್ಟು ಸುತ್ತಿಸಿ ಮೊನೆಯ ತುದಿಯನ್ನೇ ದಿಟ್ಟಿಸಿ. ತುದಿ ಒಂದೇ ಚುಕ್ಕೆಯಾಗಿ ನಿಲ್ಲಬೇಕು. ವೃತ್ತ ಬರೆದರೆ ಇನ್ಸರ್ಟ್ ಸೊಟ್ಟಗಿದೆ ಅಥವಾ ಶಾಫ್ಟ್‌ನ ತುದಿ ಚೌಕವಾಗಿ ಕತ್ತರಿಸಿಲ್ಲ. ತುದಿಯನ್ನು ಉಜ್ಜಿ ಸಮಮಾಡಿ ಮತ್ತೆ ನೋಡಿ. 20 ಗಜದಲ್ಲಿ ಫೀಲ್ಡ್ ಪಾಯಿಂಟ್‌ನ ಬಾಣವನ್ನೂ ಬ್ರಾಡ್‌ಹೆಡ್‌ನದನ್ನೂ ಒಂದೇ ಗುರಿಗೆ ಬಿಡಿ. ಬ್ರಾಡ್‌ಹೆಡ್ ಬಲಕ್ಕೆ ಹೋದರೆ ರೆಸ್ಟನ್ನು ಎಡಕ್ಕೆ ಸರಿಸಿ, ಒಂದು ಸಲಕ್ಕೆ ಇಂಚಿನ ಮೂವತ್ತೆರಡನೇ ಒಂದು ಭಾಗ, ಅದಕ್ಕಿಂತ ಹೆಚ್ಚಲ್ಲ. ಎರಡೂ ಒಂದೇ ಕಡೆ ಕೂಡುವವರೆಗೆ ಸೈಟ್ ಮುಟ್ಟಬೇಡಿ. ಆಮೇಲೆ 30, 40 ಗಜಕ್ಕೆ ಹೋಗಿ ಪಿನ್‌ಗಳನ್ನು ಹೊಂದಿಸಿ. ತೂಕ ಇತ್ಯರ್ಥವಾದ ಮೇಲೆ ಶಾಫ್ಟ್‌ನ ಒಳಗೋಡೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಕಪ್ಪು ಬರುವುದು ನಿಲ್ಲುವವರೆಗೆ ಒರೆಸಿ, ಇನ್ಸರ್ಟನ್ನು ಎಪಾಕ್ಸಿಯಿಂದ ಕೂರಿಸಿ, ಒಂದು ದಿನ ಹಾಗೇ ಬಿಡಿ.

ಅಭ್ಯಾಸಕ್ಕೆ ಬಳಸಿದ ಅಲಗು ಗುರಿಹಲಗೆಗೆ ನಾಟಿದ ಮೊದಲ ಸಲಕ್ಕೇ ಮೊಂಡಾಗಿರುತ್ತದೆ. ಬೇಟೆಯ ಮೊನೆಗಳನ್ನು ಬೇರೆಯೇ ಇಡಿ. ಎಳೆದು ಹಿಡಿದ ರಬ್ಬರ್ ಬ್ಯಾಂಡ್‌ಗೆ ಅಲಗನ್ನು ಒತ್ತದೆ ಸುಮ್ಮನೆ ತಾಗಿಸಿ. ತಟ್ಟನೆ ತುಂಡಾದರೆ ಬತ್ತಳಿಕೆಗೆ. ಜಗ್ಗಿಕೊಂಡು ಉಳಿದರೆ ಮತ್ತೆ ಸಾಣೆಗೆ.